ಜಾನಿ ಕ್ಯಾಶ್: ಬದುಕು, ಹಾಡು ಮತ್ತು ಆ ‘ಬೂಮ್-ಚಿಕಾ-ಬೂಮ್’ – ಪದೇ ಪದೇ ಕೇಳುವ ಪ್ರಶ್ನೆಗಳು

ಜಾನಿ ಕ್ಯಾಶ್ ಹಾಡು ಕೇಳಿ ಮೆಚ್ಚಿದವರು, ಗಿಟಾರ್ ಹಿಡಿದು ಅದನ್ನು ನುಡಿಸಲು ಕೂತವರು, ಅಮೆರಿಕದಲ್ಲಿದ್ದು ಅವರ ಊರು-ಮನೆ ನೋಡಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿವು. ನುಡಿಸುವ ಬಗ್ಗೆ ಇರುವ ಉತ್ತರಗಳು ಬೇಕೆಂದೇ ಉದ್ದವಾಗಿವೆ. ಹೆಚ್ಚಿನವರು ಎಡವುವುದು ಅಲ್ಲೇ.

ಜಾನಿ ಕ್ಯಾಶ್ ಯಾರು?

ಅಮೆರಿಕದ ಕಂಟ್ರಿ ಸಂಗೀತದ ಬಹುದೊಡ್ಡ ಗಾಯಕ, ಗೀತರಚನೆಕಾರ. ಹುಟ್ಟಿದ್ದು 1932ರ ಫೆಬ್ರವರಿ 26ರಂದು, ಆರ್ಕನ್ಸಾ ರಾಜ್ಯದ ಕಿಂಗ್ಸ್‌ಲ್ಯಾಂಡ್‌ನಲ್ಲಿ. ತೀರಿಕೊಂಡದ್ದು 2003ರ ಸೆಪ್ಟೆಂಬರ್ 12ರಂದು, ನ್ಯಾಶ್‌ವಿಲ್‌ನಲ್ಲಿ. 1980ರಲ್ಲಿ ಕಂಟ್ರಿ ಸಂಗೀತದ ಹಾಲ್ ಆಫ್ ಫೇಮ್‌ಗೂ 1992ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೂ ಅವರನ್ನು ಸೇರಿಸಿಕೊಂಡರು. ಎರಡೂ ಕಡೆ ಜಾಗ ಸಿಕ್ಕವರು ಕೆಲವೇ ಮಂದಿ.

ಕಂಟ್ರಿ ಸಂಗೀತ ಅಂದರೆ ನಮ್ಮ ಜನಪದ ಗೀತೆ ಇದ್ದ ಹಾಗೆಯೇ?

ಬೇರು ಜನಪದದಲ್ಲಿದೆ, ಬೆಳೆದದ್ದು ರೇಡಿಯೊ ಮತ್ತು ರೆಕಾರ್ಡ್ ಕಂಪನಿಗಳ ಕೈಯಲ್ಲಿ. ಬ್ರಿಟನ್ ಮತ್ತು ಐರ್ಲೆಂಡ್‌ನಿಂದ ಬಂದವರ ಕಥನಗೀತೆಗಳು, ಕಪ್ಪು ಜನರ ಬ್ಲೂಸ್, ಚರ್ಚಿನ ಭಕ್ತಿಗೀತೆಗಳು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೆರೆತು ಹುಟ್ಟಿದ ಸಂಗೀತ ಇದು. 1927ರಲ್ಲಿ ಟೆನೆಸಿಯ ಬ್ರಿಸ್ಟಲ್ ಪಟ್ಟಣದಲ್ಲಿ ರಾಲ್ಫ್ ಪಿಯರ್ ನಡೆಸಿದ ಧ್ವನಿಮುದ್ರಣದಲ್ಲಿ ಜಿಮ್ಮಿ ರಾಜರ್ಸ್ ಮತ್ತು ಕಾರ್ಟರ್ ಕುಟುಂಬ ಮೊದಲ ಬಾರಿ ರೆಕಾರ್ಡ್ ಮಾಡಿದರು. ಈ ಇಬ್ಬರ ಹಾಡುಗಳನ್ನು ರೇಡಿಯೊದಲ್ಲಿ ಕೇಳುತ್ತಲೇ ಕ್ಯಾಶ್ ಬೆಳೆದರು. ಮುಂದೆ ಅದೇ ಕಾರ್ಟರ್ ಮನೆತನದ ಅಳಿಯನೂ ಆದರು.

ಅವರ ನಿಜವಾದ ಹೆಸರು ಏನು?

ಜೆ. ಆರ್. ಕ್ಯಾಶ್. ಅಷ್ಟೇ. ಆ ಎರಡು ಅಕ್ಷರಗಳಿಗೆ ವಿಸ್ತರಣೆ ಇರಲಿಲ್ಲ. 1950ರಲ್ಲಿ ವಾಯುಪಡೆಗೆ ಸೇರುವಾಗ ಬರಿಯ ಇನಿಷಿಯಲ್ ನಡೆಯುವುದಿಲ್ಲ ಅಂದದ್ದಕ್ಕೆ ‘ಜಾನ್’ ಎಂದು ಬರೆಸಿದರು. ‘ಜಾನಿ’ ಆದದ್ದು ರೆಕಾರ್ಡ್ ಕಂಪನಿಗೆ ಬಂದ ಮೇಲೆ.

ಬಾಲ್ಯ ನಿಜಕ್ಕೂ ಅಷ್ಟು ಬಡತನದ್ದೇ?

ಹೌದು. ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರ ನೆಲೆ ಕಳೆದುಕೊಂಡ ರೈತರಿಗಾಗಿ ಆರ್ಕನ್ಸಾದ ಡೈಸ್ ಎಂಬಲ್ಲಿ ಒಂದು ಕಾಲೊನಿ ಕಟ್ಟಿತು. 1935ರ ಮಾರ್ಚ್‌ನಲ್ಲಿ ಕ್ಯಾಶ್ ಕುಟುಂಬಕ್ಕೆ ಅಲ್ಲಿ ಐದು ಕೋಣೆಯ ಹೊಸ ಮನೆ, 20 ಎಕರೆ ನೆಲ, ಒಂದು ಹೇಸರಗತ್ತೆ ಸಿಕ್ಕಿತು. ಇವು ಪುಕ್ಕಟೆಯಲ್ಲ, ಬೆಳೆ ಬಂದ ಹಾಗೆ ತೀರಿಸಬೇಕಾದ ಸಾಲ. ನೆಲ ನಮ್ಮ ಉತ್ತರ ಕರ್ನಾಟಕದ ಎರೆಭೂಮಿಯಂತೆ ಮಳೆಗೆ ಅಂಟುವ, ಬಿಸಿಲಿಗೆ ಬಿರುಕು ಬಿಡುವ ಜಿಗುಟು ಮಣ್ಣು, ಬೆಳೆ ಹತ್ತಿ. ಐದನೇ ವಯಸ್ಸಿಗೇ ಹುಡುಗ ಹೊಲಕ್ಕಿಳಿದಿದ್ದ. ಹೊಲದಲ್ಲಿ ಮನೆಯವರೆಲ್ಲ ಒಟ್ಟಿಗೆ ಹಾಡುತ್ತಿದ್ದರು.

1937ರ ಜನವರಿಯ ಪ್ರವಾಹಕ್ಕೆ ಕುಟುಂಬ ಊರು ಬಿಡಬೇಕಾಯಿತು. 1959ರ ‘ಫೈವ್ ಫೀಟ್ ಹೈ ಅಂಡ್ ರೈಸಿಂಗ್’ ಹಾಡು ಆ ನೆನಪಿನದು. 1944ರ ಮೇ ತಿಂಗಳಲ್ಲಿ ಅಣ್ಣ ಜ್ಯಾಕ್ ಮರ ಕೊಯ್ಯುವ ಗರಗಸದ ಮೇಜಿಗೆ ಸಿಕ್ಕಿ, ಒಂದು ವಾರ ನರಳಿ ತೀರಿಕೊಂಡ. ಜೆ. ಆರ್.ಗೆ ಆಗ 12. ಪಾದ್ರಿಯಾಗಬೇಕೆಂದಿದ್ದ ಆ ಅಣ್ಣನ ಸಾವು ಅವರ ಭಕ್ತಿಗೀತೆಗಳ ಹಿಂದೆ ಕೊನೆಯವರೆಗೂ ಇದೆ.

ಸೈನ್ಯದಲ್ಲಿ ಏನು ಕೆಲಸ ಮಾಡಿದರು? ಸಂಗೀತಕ್ಕೂ ಅದಕ್ಕೂ ಸಂಬಂಧ ಇದೆಯೇ?

ಜರ್ಮನಿಯ ಲ್ಯಾಂಡ್ಸ್‌ಬರ್ಗ್‌ನಲ್ಲಿ ರೇಡಿಯೊ ನಿಗಾ ಕೆಲಸ. ಹೆಡ್‌ಫೋನ್ ಹಾಕಿಕೊಂಡು ಸೋವಿಯತ್ ಪಡೆಗಳ ಮೋರ್ಸ್ ಸಂಕೇತಗಳನ್ನು ಕೇಳಿ ಬರೆದುಕೊಳ್ಳುವುದು. ಅಗ್ಗದ ಗಿಟಾರ್ ಕೊಂಡದ್ದು, ‘ಲ್ಯಾಂಡ್ಸ್‌ಬರ್ಗ್ ಬಾರ್ಬೇರಿಯನ್ಸ್’ ಎಂಬ ಗೆಳೆಯರ ತಂಡ ಕಟ್ಟಿದ್ದು, ಟೇಪ್ ರೆಕಾರ್ಡರ್ ಒಂದನ್ನು ಸಂಪಾದಿಸಿದ್ದು ಅಲ್ಲೇ. ಒಮ್ಮೆ ಆ ಟೇಪ್ ತಿರುಗುಮುರುಗಾಗಿ ಓಡಿ ಕೇಳಿಸಿದ ವಿಚಿತ್ರ ನಾದವೇ ‘ಐ ವಾಕ್ ದ ಲೈನ್’ ಹಾಡಿನ ಧಾಟಿಗೆ ಪ್ರೇರಣೆ ಎಂದು ಅವರು ಹೇಳಿದ್ದಾರೆ. 1954ರ ಜುಲೈನಲ್ಲಿ ಬಿಡುಗಡೆಯಾಗಿ ಬಂದು, ಆಗಸ್ಟ್‌ನಲ್ಲಿ ವಿವಿಯನ್ ಲಿಬರ್ಟೊ ಅವರನ್ನು ಮದುವೆಯಾಗಿ ಮೆಂಫಿಸ್‌ಗೆ ಹೋದರು. ನಾಲ್ವರು ಹೆಣ್ಣುಮಕ್ಕಳಲ್ಲಿ ಹಿರಿಯಳು ರೋಸಾನ್ ಕ್ಯಾಶ್, ಈಗ ತಾನೇ ದೊಡ್ಡ ಗಾಯಕಿ.

ಸನ್ ರೆಕಾರ್ಡ್ಸ್‌ಗೆ ಸೇರಿದ್ದು ಹೇಗೆ?

ಮೆಂಫಿಸ್‌ನಲ್ಲಿ ಮನೆಮನೆಗೆ ಹೋಗಿ ಗೃಹೋಪಯೋಗಿ ಸಾಮಾನು ಮಾರುವ ಕೆಲಸ. ಅಣ್ಣ ರಾಯ್ ದುಡಿಯುತ್ತಿದ್ದ ಕಾರ್ ಕಂಪನಿಯಲ್ಲಿ ಲೂಥರ್ ಪರ್ಕಿನ್ಸ್, ಮಾರ್ಷಲ್ ಗ್ರ್ಯಾಂಟ್ ಎಂಬ ಇಬ್ಬರು ಮೆಕ್ಯಾನಿಕ್‌ಗಳು ಗಿಟಾರ್ ನುಡಿಸುತ್ತಿದ್ದರು. ಮೂವರೂ ಸೇರಿ ಭಕ್ತಿಗೀತೆ ಹಾಡಲು ಸ್ಯಾಮ್ ಫಿಲಿಪ್ಸ್ ಅವರ ಸನ್ ಸ್ಟುಡಿಯೊಗೆ ಹೋದರು. ಭಕ್ತಿಗೀತೆ ಮಾರಾಟವಾಗುವುದಿಲ್ಲ, ಸ್ವಂತದ್ದೇನಾದರೂ ತನ್ನಿ ಅಂದರು ಫಿಲಿಪ್ಸ್. 1955ರ ಜೂನ್‌ನಲ್ಲಿ ‘ಹೇ ಪೋರ್ಟರ್’, ‘ಕ್ರೈ! ಕ್ರೈ! ಕ್ರೈ!’ ಎರಡೂ ಒಂದೇ ರೆಕಾರ್ಡಿನಲ್ಲಿ ಬಂದವು. ಭಕ್ತಿಗೀತೆಗೆ ಅವಕಾಶ ಸಿಗದ ಅಸಮಾಧಾನವೇ 1958ರಲ್ಲಿ ಅವರು ಕೊಲಂಬಿಯಾ ಕಂಪನಿಗೆ ಹೋಗಲು ಒಂದು ಮುಖ್ಯ ಕಾರಣ.

‘ಬೂಮ್-ಚಿಕಾ-ಬೂಮ್’ ಶೈಲಿ ಹೇಗೆ ಹುಟ್ಟಿತು?

ಕೊರತೆಯಿಂದ. ಮೊದಮೊದಲು ಮೂವರೂ ಸಾದಾ ಗಿಟಾರ್ ನುಡಿಸುತ್ತಿದ್ದರು. ಎಲ್ಲರದೂ ಒಂದೇ ಥರ ಕೇಳಿಸುತ್ತಿತ್ತು. ಹಾಗಾಗಿ ಗ್ರ್ಯಾಂಟ್ ನಿಲುವು ಬಾಸ್ (ನಿಲ್ಲಿಸಿ ನುಡಿಸುವ, ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಕೊಂಡರು, ಸ್ವರ ಎಲ್ಲಿದೆಯೆಂದು ತಿಳಿಯಲು ಅದರ ಕುತ್ತಿಗೆಗೆ ಟೇಪಿನ ತುಂಡು ಅಂಟಿಸಿಕೊಂಡು ಕಲಿತರು. ಪರ್ಕಿನ್ಸ್ ಫೆಂಡರ್ ಎಸ್ಕ್ವಯರ್ ಎಂಬ ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಅದರ ವಾಲ್ಯೂಮ್ ಗುಂಡಿ ಕೆಲಸ ಮಾಡುತ್ತಿರಲಿಲ್ಲ. ಸದ್ದು ತಗ್ಗಿಸಲು ಬಲಗೈಯ ಅಂಗೈ ಬುಡವನ್ನು ತಂತಿಯ ಮೇಲೆ ಒತ್ತಿ ನುಡಿಸಿದರು. ಡ್ರಮ್ಮರ್ ಇರಲಿಲ್ಲ, ಕ್ಯಾಶ್ ತಮ್ಮ ಗಿಟಾರ್ ತಂತಿಗಳ ನಡುವೆ ಕಾಗದ ಸಿಕ್ಕಿಸಿ ಸ್ನೇರ್ ಡ್ರಮ್‌ನಂಥ ‘ಚಿಕ್’ ಸದ್ದು ಹೊರಡಿಸಿದರು. ಬಾಸ್‌ನ ‘ಬೂಮ್’, ಕಾಗದದ ‘ಚಿಕಾ’, ಒತ್ತಿ ನುಡಿಸಿದ ಎಲೆಕ್ಟ್ರಿಕ್ ತಂತಿಯ ಟಕ್‌ಟಕ್ ಸೇರಿ ರೈಲು ಓಡಿದ ಲಯ ಬಂತು.

ಕೈಚಳಕದ ಗಿಟಾರ್‌ವಾದಕರು ಆ ಕಾಲಕ್ಕೆ ನ್ಯಾಶ್‌ವಿಲ್ ತುಂಬ ಇದ್ದರು. ಅವರಲ್ಲಿ ಯಾರಾದರೂ ಆ ಜಾಗದಲ್ಲಿ ಕೂತಿದ್ದರೆ ಸ್ವರಗಳು ತುಂಬಿಹೋಗಿ ಕ್ಯಾಶ್ ಧ್ವನಿಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಪರ್ಕಿನ್ಸ್ ಬಿಟ್ಟ ಖಾಲಿ ಜಾಗವೇ ಈ ಸಂಗೀತದ ಜೀವ. 1960ರಲ್ಲಿ ಡಬ್ಲ್ಯು. ಎಸ್. ಹಾಲೆಂಡ್ ಡ್ರಮ್ಮರ್ ಆಗಿ ಸೇರಿ ‘ಟೆನೆಸಿ ಟೂ’ ತಂಡ ‘ಟೆನೆಸಿ ತ್ರೀ’ ಆದ ಮೇಲೂ ಈ ಲಯ ಬದಲಾಗಲಿಲ್ಲ. 1968ರಲ್ಲಿ ಮನೆಗೆ ಬೆಂಕಿ ಬಿದ್ದು ಪರ್ಕಿನ್ಸ್ ತೀರಿಕೊಂಡಾಗ ಬಂದ ಬಾಬ್ ವೂಟನ್, ಅದೇ ಬೆರಳುಗಾರಿಕೆಯನ್ನು ಚಾಚೂ ತಪ್ಪದೆ ಕಲಿತಿದ್ದವರು.

ಮನೆಯಲ್ಲಿ ಒಂದೇ ಗಿಟಾರಿನಲ್ಲಿ ಇದನ್ನು ನುಡಿಸುವುದು ಹೇಗೆ?

ಸಾದಾ ಅಕೌಸ್ಟಿಕ್ ಗಿಟಾರ್, ಮಧ್ಯಮ ದಪ್ಪದ ಪಿಕ್ ಸಾಕು. ನಾಲ್ಕು ಎಣಿಕೆಯ ತಾಳ. 1ಕ್ಕೆ ಒಂದು ಮಂದ್ರ ತಂತಿ ಮಾತ್ರ, 2ಕ್ಕೆ ತೆಳು ತಂತಿಗಳ ಮೇಲೆ ಕೆಳಗೆ-ಮೇಲೆ ಎರಡು ಚುಟುಕು ಸ್ಟ್ರಮ್ (ತಂತಿಗಳ ಮೇಲೆ ಒಟ್ಟಿಗೆ ಕೈ ಬೀಸುವುದು), 3ಕ್ಕೆ ಇನ್ನೊಂದು ಮಂದ್ರ ತಂತಿ, 4ಕ್ಕೆ ಮತ್ತೆ ಕೆಳಗೆ-ಮೇಲೆ. ಮಂದ್ರ ತಂತಿಯಲ್ಲಿ ಬರಬೇಕಾದದ್ದು ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗುಚ್ಛದ) ಷಡ್ಜ ಮತ್ತು ಪಂಚಮ, ಒಂದಾದ ಮೇಲೊಂದು.

ಇ ಕಾರ್ಡಿಗೆ: ಮೊದಲು 6ನೇ (ಅತಿ ದಪ್ಪನೆಯ) ತಂತಿ ಬರಿದಾಗಿ, ಅಂದರೆ ಎಡಗೈಯಿಂದ ಒತ್ತದೆ, ಆಮೇಲೆ 5ನೇ ತಂತಿಯ 2ನೇ ಫ್ರೆಟ್.
ಎ ಕಾರ್ಡಿಗೆ: 5ನೇ ತಂತಿ ಬರಿದಾಗಿ, ಆಮೇಲೆ 6ನೇ ತಂತಿ ಬರಿದಾಗಿ.
ಡಿ ಕಾರ್ಡಿಗೆ: 4ನೇ ತಂತಿ ಬರಿದಾಗಿ, ಆಮೇಲೆ 5ನೇ ತಂತಿ ಬರಿದಾಗಿ.
ಬಿ7 ಕಾರ್ಡಿಗೆ: 5ನೇ ತಂತಿಯ 2ನೇ ಫ್ರೆಟ್, ಆಮೇಲೆ ಅದೇ ಬೆರಳನ್ನು ಎತ್ತಿ 6ನೇ ತಂತಿಯ 2ನೇ ಫ್ರೆಟ್‌ಗೆ.

ಕಷ್ಟ ಇರುವುದು ಈ ಬಿ7 ಜಿಗಿತದಲ್ಲಿ. ನಡುಬೆರಳು ಮಾತ್ರ ಓಡಾಡಬೇಕು, ಉಳಿದ ಬೆರಳು ಕದಲಬಾರದು. ಅದನ್ನೊಂದನ್ನೇ ಬೇರೆಯಾಗಿ ಅಭ್ಯಾಸ ಮಾಡಿ.

ಮೆಟ್ರೊನೋಮ್ (ತಾಳ ಹಾಕುವ ಯಂತ್ರ) ಅನ್ನು ನಿಮಿಷಕ್ಕೆ 80 ಎಣಿಕೆಗೆ ಇಟ್ಟು ಶುರುಮಾಡಿ, ಕೈ ಬಿಗಿಯಾಗದೆ ಐದು ನಿಮಿಷ ನಡೆಯುವಂತಾದ ಮೇಲೆ ನಾಲ್ಕು-ನಾಲ್ಕಾಗಿ ಏರಿಸಿ. 105ರ ಸುತ್ತ ಬಂದಾಗ ‘ಫೋಲ್ಸಮ್ ಪ್ರಿಸನ್ ಬ್ಲೂಸ್’ನ ನಡೆ ಕೈಗೆ ಹತ್ತುತ್ತದೆ. ಆ ಹಾಡಿನ ಪ್ರತಿ ಚರಣ ನಾಲ್ಕು ಉದ್ದ ಸಾಲು: ಮೊದಲೆರಡು ಪೂರ್ತಿ ಇ, ಮೂರನೆಯದು ಎಯಲ್ಲಿ ಶುರುವಾಗಿ ಇಗೆ ಬರುತ್ತದೆ, ನಾಲ್ಕನೆಯದು ಬಿ7ನಿಂದ ಇಗೆ. ರೆಕಾರ್ಡಿನ ಜೊತೆ ನುಡಿಸುವಾಗ ಅರ್ಧ ಸ್ವರ ಹೊಂದದಿದ್ದರೆ ಟ್ಯೂನಿಂಗ್ ಮುಟ್ಟಬೇಡಿ, ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿ.

ಎಲ್ಲ ಸರಿಯಾಗಿ ಹಿಡಿದರೂ ಆ ರೈಲಿನ ಲಯ ಬರುತ್ತಿಲ್ಲ. ತಪ್ಪು ಎಲ್ಲಿ?

ನೂರಕ್ಕೆ ತೊಂಬತ್ತು ಪಾಲು ‘ಚಿಕಾ’ ಜೋರಾಗಿರುತ್ತದೆ. ಆರೂ ತಂತಿಯ ಮೇಲೆ ಕೈ ಬೀಸಿದರೆ ‘ಬೂಮ್’ ಮುಳುಗಿಹೋಗುತ್ತದೆ. ಸ್ಟ್ರಮ್ 1, 2, 3ನೇ ತಂತಿಗಳಿಗಷ್ಟೇ ಸೀಮಿತವಾಗಿರಲಿ, ಬೀಸು ಮಣಿಕಟ್ಟಿನಿಂದ ಬರಲಿ. ಇನ್ನೊಂದು ತಪ್ಪು, ಸ್ಟ್ರಮ್ ಆದ ಮೇಲೆ ತಂತಿ ಮೊಳಗುತ್ತಲೇ ಇರಲು ಬಿಡುವುದು. ‘ಚಿಕ್’ ಬಂದ ಕೂಡಲೇ ಎಡಗೈ ಹಿಡಿತ ಒಂದು ಕೂದಲಷ್ಟು ಸಡಿಲಿಸಿದರೆ ಸದ್ದು ಕಡಿಯುತ್ತದೆ. ಬರಿದಾದ ತಂತಿಗಳನ್ನು ಬಲ ಅಂಗೈಯಿಂದ ತಡೆಯಬೇಕು.

ಎಲೆಕ್ಟ್ರಿಕ್‌ನಲ್ಲಿ ಪರ್ಕಿನ್ಸ್ ಭಾಗ ನುಡಿಸುವವರು ಅಂಗೈ ಬುಡವನ್ನು ತಂತಿ ಬ್ರಿಜ್‌ನಿಂದ ಹೊರಡುವ ಜಾಗದಲ್ಲೇ ಇಡಬೇಕು. ಅರ್ಧ ಇಂಚು ಮುಂದೆ ಹೋದರೆ ಸ್ವರ ಸತ್ತು ಬರೀ ಠಪ್ ಅನ್ನುತ್ತದೆ, ಹಿಂದೆ ಹೋದರೆ ತಡೆಯೇ ಬೀಳುವುದಿಲ್ಲ. ಡಿಸ್ಟಾರ್ಷನ್ ಬೇಡವೇ ಬೇಡ.

ತಂತಿಗೆ ಕಾಗದ ಸಿಕ್ಕಿಸುವುದು ಹೇಗೆ? ಗಿಟಾರ್ ಹಾಳಾಗುತ್ತದೆಯೇ?

ಹಾಳಾಗುವುದಿಲ್ಲ. ಮಾಮೂಲಿ ಝೆರಾಕ್ಸ್ ಹಾಳೆಯಿಂದ ಸುಮಾರು 4 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ. ಒಂದು ತಂತಿಯ ಮೇಲೆ, ಮುಂದಿನದರ ಕೆಳಗೆ ಹೀಗೆ ಚಾಪೆ ಹೆಣೆದಂತೆ ಆರೂ ತಂತಿಗೆ ನೇಯ್ದು, ಕುತ್ತಿಗೆ ಗಿಟಾರ್ ಒಡಲಿಗೆ ಸೇರುವಲ್ಲಿ ನಿಲ್ಲಿಸಿ. ಸ್ಟ್ರಮ್ ಮಾಡಿದರೆ ಸ್ವರದ ಜೊತೆ ಒಣಗಿದ ‘ಚರ್ರ್’ ಸದ್ದು ಬರಬೇಕು.

ಸ್ವರವೇ ಕೇಳದಿದ್ದರೆ ಕಾಗದ ದಪ್ಪ ಇದೆ ಅಥವಾ ಬಿಗಿಯಾಗಿದೆ. ಲಗ್ನಪತ್ರಿಕೆಯಂಥ ಕಾರ್ಡ್ ಹಾಳೆ ಇದಕ್ಕೆ ಆಗದು. ಮಂದ್ರ ತಂತಿ ಮಾತ್ರ ಸತ್ತಂತಾದರೆ ಆ ತುದಿಯನ್ನು ಸ್ವಲ್ಪ ಹೊರಕ್ಕೆಳೆದು 6ನೇ ತಂತಿಯನ್ನು ಬಿಡಿಸಿ, ಉಳಿದ ಐದರಲ್ಲೇ ಹೆಣೆಯಿರಿ. ಪಟ್ಟಿ ಜಾರುತ್ತಿದ್ದರೆ ಉದ್ದ ಕಡಿಮೆಯಾಗಿದೆ. ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಮರದ ಪಾಲಿಶ್ ಎಬ್ಬಿಸುತ್ತದೆ.

‘ಐ ವಾಕ್ ದ ಲೈನ್’ನಲ್ಲಿ ಪ್ರತಿ ಚರಣಕ್ಕೆ ಮುಂಚೆ ಗುನುಗುವುದು ಯಾಕೆ?

ಶ್ರುತಿ ಹಿಡಿಯಲು. ನಮ್ಮ ಸಂಗೀತದಲ್ಲಿ ತಂಬೂರಿಯ ಷಡ್ಜ ಕೀರ್ತನೆ ಮುಗಿಯುವವರೆಗೂ ಒಂದೇ. ಈ ಹಾಡಿನಲ್ಲಿ ಒಂದೊಂದು ಚರಣಕ್ಕೂ ಆಧಾರ ಷಡ್ಜವೇ ಬದಲಾಗುತ್ತದೆ. ಐದು ಚರಣ, ಗಿಟಾರ್‌ನಲ್ಲಿ ಇ, ಎ, ಡಿ, ಎ, ಇ ಎಂಬ ಕ್ರಮ. ಹೊಸ ಷಡ್ಜವನ್ನು ಗಂಟಲಿನಲ್ಲಿ ಗಟ್ಟಿಮಾಡಿಕೊಳ್ಳಲು ಕ್ಯಾಶ್ ಗುನುಗುತ್ತಿದ್ದರು, ಅದೇ ಹಾಡಿನ ಗುರುತಾಯಿತು. ಕೊನೆಯ ಚರಣ ಮೊದಲನೆಯದರ ಪುನರಾವರ್ತನೆ, ಆದರೆ ಒಂದು ಪೂರ್ತಿ ಸ್ಥಾಯಿ ಕೆಳಗೆ.

ನುಡಿಸುವವರು ಗಮನಿಸಬೇಕಾದದ್ದು: ಚರಣ ಶುರುವಾಗುವುದು ಷಡ್ಜದ ಕಾರ್ಡಿನಿಂದಲ್ಲ, ಪಂಚಮದ ಕಾರ್ಡಿನಿಂದ. ಅಂದರೆ ಇ ಶ್ರುತಿಯಲ್ಲಿ ಮೊದಲ ಮಾತಿಗೆ ಬಿ7. ಇದನ್ನು ತಿಳಿಯದೆ ಇಯಿಂದಲೇ ಶುರುಮಾಡಿ ಹಾಡು ಹೊಂದುತ್ತಿಲ್ಲ ಅನ್ನುವವರು ಬಹಳ. ಕ್ಯಾಶ್ ಇದನ್ನು ನಿಧಾನದ ಹಾಡಾಗಿ ಬರೆದಿದ್ದರು, ವೇಗ ಹೆಚ್ಚಿಸಿದ್ದು ಸ್ಯಾಮ್ ಫಿಲಿಪ್ಸ್. 1956ರ ಏಪ್ರಿಲ್ 2ರಂದು ರೆಕಾರ್ಡ್ ಆಗಿ, ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಅವರ ಮೊದಲ ಹಾಡು ಇದೇ.

ನನ್ನ ಧ್ವನಿ ಅಷ್ಟು ಕೆಳಕ್ಕೆ ಇಳಿಯುವುದಿಲ್ಲ. ಹಾಡಬಹುದೇ?

ಖಂಡಿತ. ಕೊನೆಯ ಚರಣದ ಅತಿ ಕೆಳಗಿನ ಸ್ವರವನ್ನು ಮೊದಲು ಪರೀಕ್ಷಿಸಿ, ಅದು ಸಲೀಸಾಗಿ ಬರುವವರೆಗೆ ಕೇಪೋ ಏರಿಸಿ. ಆಮೇಲೆ ಮೂರನೇ ಚರಣದ ಮೇಲಿನ ಸ್ವರ ನೋಡಿ. ಎರಡರ ನಡುವೆ ನಿಮ್ಮ ಶ್ರುತಿ ಇರುತ್ತದೆ. ಎರಡೂ ಒಟ್ಟಿಗೆ ದಕ್ಕದಿದ್ದರೆ ಕೊನೆಯ ಚರಣವನ್ನು ಸ್ಥಾಯಿ ಇಳಿಸದೆ ಹಾಡಿ. ಕ್ಯಾಶ್‌ರಂತೆ ಕೇಳಿಸಲೆಂದು ಗಂಟಲು ಒತ್ತಿ ಗೊರಗೊರ ಮಾಡುವುದರಿಂದ ಸ್ವರ ಕೆಳಗಿಳಿಯುವುದಿಲ್ಲ, ಗಂಟಲು ಕೆಡುತ್ತದೆ ಅಷ್ಟೆ. ಅವರ ಹಾಡಿಕೆಯಲ್ಲಿ ಅನುಕರಿಸಬೇಕಾದದ್ದು ಉಚ್ಚಾರ: ಗಮಕ, ಕಂಪನ ಇಲ್ಲದೆ ಮಾತಾಡಿದಷ್ಟೇ ಸ್ಪಷ್ಟವಾಗಿ ಪ್ರತಿ ಪದ.

ಆ ಹಳೆಯ ರೆಕಾರ್ಡುಗಳ ಪ್ರತಿಧ್ವನಿ ಮನೆಯಲ್ಲೇ ತರಬಹುದೇ?

ತರಬಹುದು. ಸ್ಯಾಮ್ ಫಿಲಿಪ್ಸ್ ಹಾಡನ್ನು ಎರಡನೇ ಟೇಪ್ ಯಂತ್ರಕ್ಕೂ ಕಳಿಸಿ, ಆ ಯಂತ್ರದ ರೆಕಾರ್ಡ್ ಹೆಡ್ ಮತ್ತು ಪ್ಲೇಬ್ಯಾಕ್ ಹೆಡ್ ನಡುವಿನ ಅಂತರದಿಂದ ಹುಟ್ಟುವ ತಡವನ್ನು ಮೂಲಕ್ಕೆ ಬೆರೆಸುತ್ತಿದ್ದರು. ಇದನ್ನೇ ಸ್ಲ್ಯಾಪ್‌ಬ್ಯಾಕ್ ಅನ್ನುವುದು. ಯಾವುದೇ ರೆಕಾರ್ಡಿಂಗ್ ಆ್ಯಪ್‌ನಲ್ಲಿ ಡಿಲೇ ತೆಗೆದು 120–140 ಮಿಲಿಸೆಕೆಂಡ್ ಇಡಿ. ಫೀಡ್‌ಬ್ಯಾಕ್ ಸೊನ್ನೆ, ಅಂದರೆ ಮರುದನಿ ಒಂದೇ ಒಂದು. ಮಿಕ್ಸ್ 20 ಶೇಕಡಾ ಆಸುಪಾಸು. ಜೊತೆಗೆ ರಿವರ್ಬ್ ಹಾಕಿದರೆ ದೇವಸ್ಥಾನದ ಪ್ರಾಕಾರದಲ್ಲಿ ಹಾಡಿದಂತಾಗಿ ಲಯದ ಅಂಚು ಕರಗುತ್ತದೆ. ಸ್ಟ್ರಮ್ ಎರಡೆರಡಾಗಿ ಕೇಳಿಸಿ ಗೊಂದಲವಾದರೆ ಮಿಲಿಸೆಕೆಂಡ್ ಅನ್ನು 5ರಂತೆ ಬದಲಿಸುತ್ತಾ ಹೋಗಿ, ಒಂದು ಹಂತದಲ್ಲಿ ಮರುದನಿ ತಾಳದೊಳಕ್ಕೆ ಕೂರುತ್ತದೆ.

ಕ್ಯಾಶ್ ಜೈಲುಶಿಕ್ಷೆ ಅನುಭವಿಸಿದ್ದರೇ?

ಇಲ್ಲ. ಸಣ್ಣಪುಟ್ಟ ಕಾರಣಕ್ಕೆ ಏಳು ಬಾರಿ ಪೊಲೀಸರ ವಶವಾಗಿದ್ದರು, ಪ್ರತಿ ಸಲವೂ ಒಂದೇ ರಾತ್ರಿ. ಫೋಲ್ಸಮ್ ಜೈಲಿನ ಹಾಡು ಬರೆದದ್ದು ಜರ್ಮನಿಯಲ್ಲಿ, ಆ ಜೈಲಿನ ಬಗ್ಗೆ ಒಂದು ಸಿನಿಮಾ ನೋಡಿದ ಮೇಲೆ.

‘ಫೋಲ್ಸಮ್ ಪ್ರಿಸನ್ ಬ್ಲೂಸ್’ ಬೇರೆಯವರ ಹಾಡಿನಿಂದ ಎತ್ತಿದ್ದು ಅನ್ನುತ್ತಾರೆ, ನಿಜವೇ?

ದೊಡ್ಡ ಮಟ್ಟಿಗೆ ನಿಜ. ಗಾರ್ಡನ್ ಜೆಂಕಿನ್ಸ್ ಅವರ 1953ರ ‘ಕ್ರೆಸೆಂಟ್ ಸಿಟಿ ಬ್ಲೂಸ್’ ಕೇಳಿ ನೋಡಿ; ಧಾಟಿಯೂ ಎಷ್ಟೋ ಸಾಲುಗಳ ಕಟ್ಟೂ ಅದರದ್ದೇ. ಫೋಲ್ಸಮ್ ಜೈಲಿನಲ್ಲಿ ಕೊಟ್ಟ ಸಂಗೀತ ಕಛೇರಿಯ ಆಲ್ಬಮ್ ಗೆದ್ದ ಮೇಲೆ ಜೆಂಕಿನ್ಸ್ ಹಕ್ಕು ಕೇಳಿದರು, ಕ್ಯಾಶ್ ಸುಮಾರು 75,000 ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡರು. ಒಂಟಿ ಹೆಂಗಸಿನ ಬೇಸರದ ಹಾಡನ್ನು ಕೊಲೆ ಮಾಡಿದವನ ಪಶ್ಚಾತ್ತಾಪದ ಹಾಡಾಗಿ ತಿರುಗಿಸಿದ್ದು, ಆ ಲಯ ಕೊಟ್ಟದ್ದು ಕ್ಯಾಶ್. ಎರಡನ್ನೂ ಹೇಳಬೇಕಾದದ್ದೇ ನ್ಯಾಯ.

ಫೋಲ್ಸಮ್ ಜೈಲಿನ ಕಛೇರಿ ಹೇಗೆ ನಡೆಯಿತು?

1968ರ ಜನವರಿ 13, ಕ್ಯಾಲಿಫೋರ್ನಿಯಾ. ಜೈಲಿನ ಊಟದ ಹಾಲ್‌ನಲ್ಲಿ ಬೆಳಿಗ್ಗೆ 9:40ಕ್ಕೆ ಒಂದು, ಮಧ್ಯಾಹ್ನ 12:40ಕ್ಕೆ ಇನ್ನೊಂದು ಪ್ರದರ್ಶನ. ಮೊದಲನೆಯದು ಕೆಟ್ಟರೆ ಇರಲಿ ಎಂದು ಎರಡನೆಯದು. ಗಾಯಕ ಕಾರ್ಲ್ ಪರ್ಕಿನ್ಸ್, ಸ್ಟ್ಯಾಟ್ಲರ್ ಬ್ರದರ್ಸ್ ಗಾಯನ ತಂಡ, ಮುಂದೆ ಕ್ಯಾಶ್ ಹೆಂಡತಿಯಾದ ಜೂನ್ ಕಾರ್ಟರ್ ಜೊತೆಗಿದ್ದರು; ನಿರ್ಮಾಪಕ ಬಾಬ್ ಜಾನ್‌ಸ್ಟನ್. ಕ್ಯಾಶ್ ತಾವೇ ಹೆಸರು ಹೇಳಿಕೊಳ್ಳುವವರೆಗೆ ಚಪ್ಪಾಳೆ ಬೇಡವೆಂದು ಕೈದಿಗಳಿಗೆ ಮೊದಲೇ ಹೇಳಿತ್ತು. ಅದಕ್ಕೇ ಆ ನಾಲ್ಕು ಮಾತಿನ ಪರಿಚಯದ ಬೆನ್ನಿಗೆ ಹಾಲ್ ಸಿಡಿದಂತೆ ಕೇಳಿಸುತ್ತದೆ.

ಕೊನೆಯ ಹಾಡು ‘ಗ್ರೇಸ್ಟೋನ್ ಚಾಪೆಲ್’ ಬರೆದದ್ದು ಅದೇ ಜೈಲಿನ ಕೈದಿ ಗ್ಲೆನ್ ಶೆರ್ಲಿ. ಒಬ್ಬ ಪಾದ್ರಿ ಅದರ ಟೇಪನ್ನು ಹಿಂದಿನ ದಿನ ಕ್ಯಾಶ್‌ಗೆ ತಲುಪಿಸಿದರು, ರಾತ್ರಿ ಕೂತು ಕಲಿತು ಬೆಳಿಗ್ಗೆ ಹಾಡಿದರು. ಶೆರ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ. ಅವನಿಗೆ ಮೊದಲೇ ತಿಳಿಸಿರಲಿಲ್ಲ. 1971ರಲ್ಲಿ ಬಿಡುಗಡೆಯಾದ ಮೇಲೆ ಕ್ಯಾಶ್ ಅವನಿಗೆ ಕೆಲಸ ಕೊಟ್ಟರು. ಹೊರಗಿನ ಬದುಕಿಗೆ ಅವನು ಹೊಂದಿಕೊಳ್ಳಲಾಗಲಿಲ್ಲ, 1978ರಲ್ಲಿ ತೀರಿಹೋದ.

ಇದು ಅವರ ಮೊದಲ ಜೈಲು ಕಛೇರಿಯಲ್ಲ. 1950ರ ದಶಕದ ಕೊನೆಯಿಂದಲೇ ಹಾಡುತ್ತಿದ್ದರು. ಸ್ಯಾನ್ ಕ್ವೆಂಟಿನ್ ಜೈಲಿನ ಅಂಥ ಒಂದು ಕಛೇರಿ ಕೇಳಿದ ಕೈದಿ ಮರ್ಲ್ ಹ್ಯಾಗರ್ಡ್, ಮುಂದೆ ತಾನೇ ಕಂಟ್ರಿಯ ದಿಗ್ಗಜನಾದ. 1972ರಲ್ಲಿ ಕ್ಯಾಶ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಜೈಲು ಸುಧಾರಣೆ ಬಗ್ಗೆ ಸಾಕ್ಷ್ಯವನ್ನೂ ಹೇಳಿದರು.

ಆ ಆಲ್ಬಮ್‌ನಲ್ಲಿ ‘ಫೋಲ್ಸಮ್ ಪ್ರಿಸನ್ ಬ್ಲೂಸ್’ನ ಕೊಲೆಯ ಸಾಲು ಬಂದಾಗ ಕೈದಿಗಳು ಕೇಕೆ ಹಾಕುವುದು ನಿಜವಾದದ್ದೇ?

ಅಲ್ಲ. ಅದು ಆಮೇಲೆ ಸ್ಟುಡಿಯೊದಲ್ಲಿ ಸೇರಿಸಿದ್ದು. ಜೈಲಿನಲ್ಲಿ, ಕಾವಲುಗಾರರ ಎದುರು, ಅಂಥ ಸಾಲಿಗೆ ಕೇಕೆ ಹಾಕುವಷ್ಟು ಧೈರ್ಯ ಯಾವ ಕೈದಿಗೂ ಇರುತ್ತಿರಲಿಲ್ಲ. ನಡೆದದ್ದು ನಡೆದಂತೆ ಕೇಳಬೇಕಿದ್ದರೆ ಎರಡೂ ಪ್ರದರ್ಶನ ಪೂರ್ತಿಯಾಗಿ ಇರುವ 2008ರ ಲೆಗಸಿ ಆವೃತ್ತಿ ಹುಡುಕಿ. 1968ರ ಎಲ್‌ಪಿಯಲ್ಲಿ ಇರುವುದು 16 ಹಾಡು.

ಮಾತ್ರೆಗಳ ಚಟ ಎಷ್ಟು ಗಂಭೀರವಾಗಿತ್ತು?

ಪ್ರಾಣಕ್ಕೆ ಬರುವಷ್ಟು. ರಾತ್ರಿಯಿಡೀ ಕಾರು ಓಡಿಸಿ ಊರೂರು ಸುತ್ತಲು ಆಂಫೆಟಮಿನ್, ಮಲಗಲು ಇನ್ನೊಂದು ಮಾತ್ರೆ, ಶುರುವಾದದ್ದು ಹಾಗೆ. 1965 ತೀರಾ ಕೆಟ್ಟ ವರ್ಷ. ಕಂಟ್ರಿ ಸಂಗೀತದ ಹೆಸರಾಂತ ರೇಡಿಯೊ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಆಪ್ರಿಯ ವೇದಿಕೆಯ ದೀಪಗಳನ್ನು ಮೈಕ್ ಸ್ಟ್ಯಾಂಡಿನಿಂದ ಒಡೆದರು. ಲಾಸ್ ಪಾಡ್ರೆಸ್ ಕಾಡಿನಲ್ಲಿ ಅವರಿಂದ ಹೊತ್ತಿದ ಬೆಂಕಿ ಅಳಿವಿನಂಚಿನ ಕಾಂಡೊರ್ ಹದ್ದುಗಳ ನೆಲೆಯನ್ನು ಸುಟ್ಟಿತು, ಸರ್ಕಾರಕ್ಕೆ 82,001 ಡಾಲರ್ ಕಟ್ಟಿದರು. ಅಕ್ಟೋಬರ್‌ನಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಗಿಟಾರ್ ಪೆಟ್ಟಿಗೆಯಲ್ಲಿ ಸಾವಿರಕ್ಕೂ ಮಿಕ್ಕಿ ಮಾತ್ರೆ ಸಿಕ್ಕಿ ಬಂಧನವಾಯಿತು. 1966ರಲ್ಲಿ ವಿವಿಯನ್ ವಿಚ್ಛೇದನ ಕೋರಿದರು.

ಒಂದೇ ಏಟಿಗೆ ಬಿಟ್ಟರು ಅನ್ನುವುದು ಸಿನಿಮಾದ ಕಥೆ. ಮತ್ತೆ ಮತ್ತೆ ಜಾರಿದ್ದಾರೆ. 1980ರ ದಶಕದ ಆರಂಭದಲ್ಲಿ ತಾವೇ ಸಾಕಿದ್ದ ಉಷ್ಟ್ರಪಕ್ಷಿ ಒದ್ದು ಪಕ್ಕೆಲುಬು ಮುರಿದಾಗ ಕೊಟ್ಟ ನೋವಿನ ಮಾತ್ರೆಯಿಂದ ಚಟ ಮರುಕಳಿಸಿ, 1983ರಲ್ಲಿ ಬೆಟ್ಟಿ ಫೋರ್ಡ್ ಕೇಂದ್ರದಲ್ಲಿ ಚಿಕಿತ್ಸೆ ಪಡೆದರು.

‘ರಿಂಗ್ ಆಫ್ ಫೈರ್’ ಯಾರು ಬರೆದದ್ದು? ನುಡಿಸುವಾಗ ತಾಳ ಯಾಕೆ ತಪ್ಪುತ್ತದೆ?

ಜೂನ್ ಕಾರ್ಟರ್ ಮತ್ತು ಮರ್ಲ್ ಕಿಲ್ಗೋರ್ ಹೆಸರಿನಲ್ಲಿದೆ. ಮೊದಲು ಹಾಡಿದ್ದು ಜೂನ್ ತಂಗಿ ಅನಿತಾ. ಕ್ಯಾಶ್ 1963ರಲ್ಲಿ ಮೆಕ್ಸಿಕೊದ ಮಾರಿಯಾಚಿ ವಾದ್ಯಗೋಷ್ಠಿಯ ಥರದ ಟ್ರಂಪೆಟ್ ಸೇರಿಸಿ ಹಾಡಿದರು, ಏಳು ವಾರ ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು.

ತಾಳ ತಪ್ಪುವುದು ನಿಮ್ಮ ದೋಷವಲ್ಲ. ಚರಣದ ಸಾಲುಗಳ ಕೊನೆಯಲ್ಲಿ ಆವರ್ತಗಳು ಉದ್ದ-ಗಿಡ್ಡ ಇವೆ. ಸಮನಾದ ನಾಲ್ಕೆಣಿಕೆಯ ರಿದಮ್ ಬಾಕ್ಸ್ ಹಾಕಿಕೊಂಡರೆ ಎರಡನೇ ಸಾಲಿಗೇ ಜಾರುತ್ತದೆ. ಬಾಕ್ಸ್ ಆರಿಸಿ, ಟ್ರಂಪೆಟ್ ಭಾಗವನ್ನು ಬಾಯಲ್ಲಿ ಹಾಡಿಕೊಂಡು, ಅದು ಮುಗಿದಾಗಲೇ ಕಾರ್ಡ್ ಬದಲಿಸಿ.

ಜೂನ್ ಕಾರ್ಟರ್ ಬರೀ ಹೆಂಡತಿಯೇ?

ಬಹಳ ತಪ್ಪು ತಿಳಿವಳಿಕೆ. ಜೂನ್ ಬಾಲ್ಯದಿಂದಲೇ ವೇದಿಕೆಯಲ್ಲಿದ್ದವರು; ಗಾಯಕಿ, ಹಾಸ್ಯನಟಿ, ಗೀತರಚನೆಕಾರ್ತಿ. ತಾಯಿ ಮೇಬೆಲ್ ಕಾರ್ಟರ್ ಹೆಬ್ಬೆರಳಿನಿಂದ ಮಂದ್ರ ತಂತಿಯಲ್ಲಿ ಧಾಟಿ, ಬೆರಳಿನಿಂದ ತೆಳು ತಂತಿಯಲ್ಲಿ ಲಯ ನುಡಿಸುವ ಕ್ರಮವನ್ನು ಅಮೆರಿಕಕ್ಕೆಲ್ಲ ಕಲಿಸಿದವರು. ಇಬ್ಬರೂ ಕ್ಯಾಶ್ ತಂಡದಲ್ಲಿ ಹಾಡುತ್ತಿದ್ದರು. 1968ರ ಫೆಬ್ರವರಿಯಲ್ಲಿ ಕೆನಡಾದ ಲಂಡನ್ ಊರಿನ ವೇದಿಕೆಯ ಮೇಲೆ ಕ್ಯಾಶ್ ಮದುವೆ ಪ್ರಸ್ತಾಪ ಮಾಡಿದರು, ಮಾರ್ಚ್ 1ಕ್ಕೆ ಮದುವೆ. ಮಗ ಜಾನ್ ಕಾರ್ಟರ್ ಕ್ಯಾಶ್ 1970ರಲ್ಲಿ ಹುಟ್ಟಿದರು.

ಯಾವಾಗಲೂ ಕಪ್ಪು ಬಟ್ಟೆ ಯಾಕೆ?

ಶುರುವಿನಲ್ಲಿ ಮೂವರ ಬಳಿಯೂ ಒಂದೇ ಬಣ್ಣದ್ದೆಂದು ಇದ್ದದ್ದು ಕಪ್ಪು ಅಂಗಿ ಮಾತ್ರ. 1971ರ ‘ಮ್ಯಾನ್ ಇನ್ ಬ್ಲ್ಯಾಕ್’ ಹಾಡಿನಲ್ಲಿ ಅದಕ್ಕೆ ಅರ್ಥ ಕೊಟ್ಟರು: ಬಡವರಿಗಾಗಿ, ಶಿಕ್ಷೆ ಮುಗಿದರೂ ಬಿಡುಗಡೆಯಾಗದ ಕೈದಿಗಾಗಿ, ಯುದ್ಧದಲ್ಲಿ ಸಾಯುತ್ತಿರುವ ಹುಡುಗರಿಗಾಗಿ.

ಟಿವಿ ಕಾರ್ಯಕ್ರಮ ನೋಡಲು ಯೋಗ್ಯವೇ?

1969ರ ಜೂನ್‌ನಿಂದ 1971ರ ಮಾರ್ಚ್‌ವರೆಗೆ ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಲ್ಲಿ ನಡೆದ ‘ದ ಜಾನಿ ಕ್ಯಾಶ್ ಶೋ’ ತಪ್ಪದೇ ನೋಡಬೇಕಾದದ್ದು. ಬಾಬ್ ಡಿಲನ್, ಜೋನಿ ಮಿಚೆಲ್ ಬಂದಿದ್ದಾರೆ. 1970ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಬಂದು, 1930ರಲ್ಲಿ ಜಿಮ್ಮಿ ರಾಜರ್ಸ್ ಜೊತೆ ತಾವೇ ಟ್ರಂಪೆಟ್ ನುಡಿಸಿದ್ದ ‘ಬ್ಲೂ ಯೋಡೆಲ್ ನಂ. 9’ ಅನ್ನು ಕ್ಯಾಶ್ ಜೊತೆ ನುಡಿಸಿದ ಭಾಗವನ್ನು ಮೊದಲು ನೋಡಿ. ಕಪ್ಪು-ಬಿಳಿ ಜನರ ಸಂಗೀತ ಬೇರೆ ಬೇರೆ ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ.

ವಯಸ್ಸಾದ ಮೇಲೆ ಮತ್ತೆ ಎದ್ದು ಬಂದದ್ದು ಹೇಗೆ?

1986ರಲ್ಲಿ ಕೊಲಂಬಿಯಾ ಕೈಬಿಟ್ಟಿತು. ರಾಪ್ ಮತ್ತು ಹೆವಿಮೆಟಲ್ ನಿರ್ಮಾಪಕ ರಿಕ್ ರೂಬಿನ್ ಅವರನ್ನು ತಮ್ಮ ಮನೆಯ ಕೋಣೆಯಲ್ಲಿ ಕೂರಿಸಿ, ಒಂದು ಗಿಟಾರ್ ಕೊಟ್ಟು, ಇಷ್ಟವಾದದ್ದು ಹಾಡಿ ಅಂದರು. 1994ರ ‘ಅಮೆರಿಕನ್ ರೆಕಾರ್ಡಿಂಗ್ಸ್’ ಹಾಗೆ ಬಂತು. ತಂಡವಿಲ್ಲ, ಪ್ರತಿಧ್ವನಿಯಿಲ್ಲ. 1955ರಲ್ಲಿ ಬೇರೆ ದಾರಿಯಿಲ್ಲದೆ ಮಾಡಿದ ಮಿತವ್ಯಯವನ್ನು ಇಲ್ಲಿ ತಿಳಿದೇ ಮಾಡಿದರು.

2002ರ ‘ಹರ್ಟ್’ ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್ ಬರೆದ ಹಾಡು. ಕ್ಯಾಶ್ ಒಂದು ಒರಟು ಪದವನ್ನು ತೆಗೆದು ಅಲ್ಲಿ ಮುಳ್ಳಿನ ಕಿರೀಟ ತಂದರು. ಒಂದೇ ಪದದಿಂದ ಹಾಡು ಕ್ರಿಸ್ತನ ಕಡೆಗೆ ತಿರುಗಿತು. ಆ ಹೊತ್ತಿಗೆ ಧ್ವನಿ ನಡುಗುತ್ತಿತ್ತು, ಉಸಿರು ನಿಲ್ಲುತ್ತಿರಲಿಲ್ಲ. ಅದನ್ನು ಮುಚ್ಚಲು ಯಾರೂ ಹೋಗಲಿಲ್ಲ. ಮಾರ್ಕ್ ರೊಮಾನೆಕ್ ಅವರ ವಿಡಿಯೊದಲ್ಲಿ ಮುಚ್ಚಿಹೋದ ಕ್ಯಾಶ್ ಮ್ಯೂಸಿಯಂ, ಮೆಟ್ಟಿಲ ಮೇಲೆ ನಿಂತು ನೋಡುವ ಜೂನ್ ಇದ್ದಾರೆ. 2003ರ ಮೇ 15ರಂದು ಜೂನ್ ಹೋದರು, ನಾಲ್ಕು ತಿಂಗಳಿಗೆ ಕ್ಯಾಶ್.

ಹೊಸದಾಗಿ ಕೇಳುವವರು ಎಲ್ಲಿಂದ ಶುರುಮಾಡಬೇಕು?

ಮೊದಲು ಸನ್ ಕಾಲದ ಐದಾರು ಹಾಡು, ಆಮೇಲೆ ಫೋಲ್ಸಮ್ ಆಲ್ಬಮ್ ಪೂರ್ತಿ, ಆಮೇಲೆ 1994ರದ್ದು. ‘ಹರ್ಟ್’ನಿಂದ ಶುರುಮಾಡಬೇಡಿ, ಗಟ್ಟಿ ಧ್ವನಿ ಕೇಳಿದವರಿಗೇ ನಡುಗುವ ಧ್ವನಿಯ ಬೆಲೆ ತಿಳಿಯುವುದು. ಇಷ್ಟು ಹಿಡಿಸಿದರೆ 1964ರ ‘ಬಿಟರ್ ಟಿಯರ್ಸ್’ ಕೇಳಿ. ಅಮೆರಿಕದ ಮೂಲನಿವಾಸಿಗಳಿಗಾದ ಅನ್ಯಾಯದ ಹಾಡುಗಳು. ರೇಡಿಯೊಗಳು ಹಿಂಜರಿದಾಗ ಕ್ಯಾಶ್ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಪೂರ್ಣ ಪುಟದ ಜಾಹೀರಾತು ಕೊಟ್ಟು ಅವರ ಧೈರ್ಯವನ್ನೇ ಪ್ರಶ್ನಿಸಿದರು.

ಅಮೆರಿಕದಲ್ಲಿದ್ದೇವೆ, ಯಾವ ಜಾಗ ನೋಡಬಹುದು?

ಮೆಂಫಿಸ್‌ನಲ್ಲಿ 706 ಯೂನಿಯನ್ ಅವೆನ್ಯೂದ ಸನ್ ಸ್ಟುಡಿಯೊ. ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಡೈಸ್. ಬಾಲ್ಯದ ಮನೆಯನ್ನು ಆರ್ಕನ್ಸಾ ಸ್ಟೇಟ್ ವಿಶ್ವವಿದ್ಯಾಲಯ ದುರಸ್ತಿ ಮಾಡಿ 2014ರಿಂದ ತೆರೆದಿಟ್ಟಿದೆ. ನಮ್ಮ ಮತದಲ್ಲಿ ಒಂದೇ ಜಾಗಕ್ಕೆ ಸಮಯವಿದ್ದರೆ ಹೋಗಬೇಕಾದದ್ದು ಅಲ್ಲಿಗೇ. ನ್ಯಾಶ್‌ವಿಲ್‌ನಲ್ಲಿ 2013ರಲ್ಲಿ ತೆರೆದ ಜಾನಿ ಕ್ಯಾಶ್ ಮ್ಯೂಸಿಯಂ, ರೈಮನ್ ಸಭಾಂಗಣ ಎರಡೂ ನಡೆದುಹೋಗುವಷ್ಟು ಹತ್ತಿರ. ಹೆಂಡರ್ಸನ್‌ವಿಲ್‌ನಲ್ಲಿ ದಂಪತಿಯ ಸಮಾಧಿ ಇದೆ. ಸರೋವರದ ದಂಡೆಯ ಮನೆ 2007ರಲ್ಲಿ ಸುಟ್ಟುಹೋಯಿತು.

ಸ್ಯಾಕ್ರಮೆಂಟೊ ಕಡೆ ಇರುವ ಕನ್ನಡಿಗರಿಗೆ ಫೋಲ್ಸಮ್ ಪಕ್ಕದೂರು. ಜೈಲು ಈಗಲೂ ಜೈಲೇ, ಒಳಗೆ ಬಿಡುವುದಿಲ್ಲ. ಹೊರಗೇಟಿನ ಬಳಿ ಸಣ್ಣ ಮ್ಯೂಸಿಯಂ, ಪಕ್ಕದಲ್ಲಿ ನಡೆಯಲು-ಸೈಕಲ್ ಹೊಡೆಯಲು ಜಾನಿ ಕ್ಯಾಶ್ ಟ್ರೇಲ್ ಇವೆ. ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ 2024ರ ಸೆಪ್ಟೆಂಬರ್‌ನಿಂದ ಆರ್ಕನ್ಸಾ ರಾಜ್ಯದ ಪರವಾಗಿ ಅವರ ಪ್ರತಿಮೆ ನಿಂತಿದೆ.

ಅವರ ಹಾಡನ್ನು ಕನ್ನಡಕ್ಕೆ ತಂದು ಹಾಡಬಹುದೇ?

ಮನೆಯಲ್ಲಿ ಹಾಡಿಕೊಳ್ಳಲು ಅಡ್ಡಿಯಿಲ್ಲ. ಸಾರ್ವಜನಿಕವಾಗಿ ಬಿಡುವಾಗ ಅನುವಾದಕ್ಕೂ ಹಕ್ಕುದಾರರ ಒಪ್ಪಿಗೆ ಬೇಕು. ಭಾರತದ ಕಾನೂನಿನಲ್ಲಿ ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕು ಕರ್ತೃ ತೀರಿಕೊಂಡು 60 ವರ್ಷದವರೆಗೆ ಇರುತ್ತದೆ. ಕ್ಯಾಶ್ ಒಬ್ಬರೇ ಬರೆದ ಹಾಡುಗಳಿಗೆ ಆ ಲೆಕ್ಕ 2063ರ ಕೊನೆಗೆ ಬರುತ್ತದೆ. ಅವರು ಹಾಡಿದ್ದೆಲ್ಲ ಅವರೇ ಬರೆದದ್ದಲ್ಲ ಎಂಬುದನ್ನು ಮರೆಯಬೇಡಿ: ‘ಹರ್ಟ್’ಗೆ ರೆಜ್ನರ್, ‘ಅ ಬಾಯ್ ನೇಮ್ಡ್ ಸೂ’ಗೆ ಶೆಲ್ ಸಿಲ್ವರ್‌ಸ್ಟೀನ್, ‘ಸಂಡೇ ಮಾರ್ನಿಂಗ್ ಕಮಿಂಗ್ ಡೌನ್’ಗೆ ಕ್ರಿಸ್ ಕ್ರಿಸ್ಟೊಫರ್ಸನ್. ಹಾಗಾಗಿ ಒಪ್ಪಿಗೆ ಕೇಳುವ ಮೊದಲು ಆಲ್ಬಮ್ ಹಿಂಬದಿಯಲ್ಲಿ ಆ ಹಾಡಿನ ಮುಂದೆ ಯಾರ ಹೆಸರಿದೆ ನೋಡಿ. ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡುವ ಸಂಘದವರು ಐಪಿಆರ್‌ಎಸ್ (ಹಾಡು ಬರೆದವರ ಪರವಾಗಿ ಪರವಾನಗಿ ಕೊಡುವ ಸಂಸ್ಥೆ) ಪರವಾನಗಿ ತೆಗೆದುಕೊಂಡಿರಬೇಕು. ಸಭಾಂಗಣ ಕಾಯ್ದಿರಿಸುವಾಗಲೇ ಅದನ್ನು ವಿಚಾರಿಸಿದರೆ ಕೊನೆ ಗಳಿಗೆಯ ಓಡಾಟ ತಪ್ಪುತ್ತದೆ.